ಸ್ಟ್ರಾಸ್‌ಬರ್ಗ್‌ನನ್ನು ಕೂರಿಸಿದ್ದು ವೈದ್ಯರೋ, ಆಫೀಸಿನವರೋ?

ಪ್ರಶ್ನೆ: ಡಾಕ್ಟ್ರೇ, ನಾವಿರೋದು ವರ್ಜೀನಿಯಾದಲ್ಲಿ, ಮನೆಮಂದಿಯೆಲ್ಲ ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು. ತಂಡ ವಾಷಿಂಗ್ಟನ್‌ಗೆ ಬಂದಮೇಲೆ ಮೊದಲ ಸಲ ಪ್ಲೇಆಫ್ ಕಂಡಿದ್ದು 2012ರಲ್ಲಿ. ಆಗಲೇ ಪಿಚರ್ (ಚೆಂಡು ಎಸೆಯುವವನು) ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು ಸೆಪ್ಟೆಂಬರ್‌ನಲ್ಲಿ ಆಡಿಸದೆ ಕೂರಿಸಿಬಿಟ್ಟರು. ಊಟಕ್ಕೆ ಕೂತರೆ ಇವತ್ತಿಗೂ ಇದೇ ಜಗಳ. ಅದು ಯಾರ ನಿರ್ಧಾರ?

ಉತ್ತರ: ಎಚ್ಚರಿಕೆ ವೈದ್ಯರದ್ದು, ದಿನಾಂಕ ತಂಡದ ಆಫೀಸಿನದು. 2010ರಲ್ಲಿ ಅವನ ಮೊಣಕೈ ಒಳಬದಿಯ ಲಿಗಮೆಂಟ್ ಹರಿದು ಟಾಮಿ ಜಾನ್ ಸರ್ಜರಿ ಆಗಿತ್ತು. ಅಂದರೆ ತೋಳಿನ ಮೂಳೆಗೂ ಮುಂಗೈ ಮೂಳೆಗೂ ಸಣ್ಣ ತೂತು ಕೊರೆದು, ಸಾಮಾನ್ಯವಾಗಿ ರೋಗಿಯ ಕೈಯಿಂದಲೇ ತೆಗೆದ ಸ್ನಾಯುರಜ್ಜನ್ನು ಪೋಣಿಸಿ ಬಿಗಿಯೋದು. ಅದು ಲಿಗಮೆಂಟ್‌ನಂತೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಜೋಪಾನ ಅಂತ ನಾವು ಹೇಳಬಹುದು. ಇಂಥ ಇನ್ನಿಂಗ್ಸ್‌ಗೇ (ಪಂದ್ಯದ ಒಂಬತ್ತು ಸುತ್ತುಗಳಲ್ಲಿ ಒಂದು) ಕಿತ್ತುಹೋಗುತ್ತೆ ಅಂತ ಯಾವ ವೈದ್ಯನೂ ಹೇಳಲಾರ.

ಇಷ್ಟೇ ಇನ್ನಿಂಗ್ಸ್ ಅಂತ ಗೆರೆ ಎಳೆದವರು ತಂಡದ ಆಗಿನ ಜನರಲ್ ಮ್ಯಾನೇಜರ್ ಮೈಕ್ ರಿಜ್ಜೊ. 2011ರಲ್ಲಿ, ಇದೇ ಸರ್ಜರಿಯಿಂದ ಚೇತರಿಸಿಕೊಂಡಿದ್ದ ಪಿಚರ್ ಜೋರ್ಡನ್ ಜಿಮ್ಮರ್‌ಮನ್‌ನನ್ನೂ ಸುಮಾರು 160 ಇನ್ನಿಂಗ್ಸ್ ಆದಮೇಲೆ ನಿಲ್ಲಿಸಿದ್ದರು. ಆಗ ತಂಡ ಪ್ಲೇಆಫ್ ರೇಸಿನಲ್ಲೇ ಇರಲಿಲ್ಲ, ಯಾರೂ ಕೇಳಲಿಲ್ಲ. 2012ರಲ್ಲಿ 98 ಪಂದ್ಯ ಗೆದ್ದ ತಂಡಕ್ಕೂ ಅದೇ ಅಳತೆಗೋಲು.

ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ತಪ್ಪಿದ್ದು ಕ್ಯಾಲೆಂಡರ್. ಮಿತಿ ಮೊದಲೇ ಗೊತ್ತಿತ್ತಲ್ಲ! ಏಪ್ರಿಲ್ ಬದಲು ಮೇನಲ್ಲಿ ಇಳಿಸಿದ್ದರೆ, ನಡುನಡುವೆ ಒಂದೊಂದು ಸರದಿ ತಪ್ಪಿಸಿದ್ದರೆ, ಅಕ್ಟೋಬರ್‌ನ ಪ್ಲೇಆಫ್‌ಗೆ ಇಪ್ಪತ್ತು ಮೂವತ್ತು ಇನ್ನಿಂಗ್ಸ್ ಉಳಿಯುತ್ತಿತ್ತು. ಹಾಗಂತ ಸೋಲನ್ನೆಲ್ಲ ಅದರ ತಲೆಗೆ ಕಟ್ಟಬೇಡಿ. ಕಾರ್ಡಿನಲ್ಸ್ ತಂಡದ ಎದುರು ಪ್ಲೇಆಫ್ ಸರಣಿಯ ಕೊನೆಯ ಪಂದ್ಯದಲ್ಲಿ 6-0 ಮುಂದಿದ್ದವರು 9-7ರಿಂದ ಸೋತರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 4 ರನ್ ಬಿಟ್ಟುಕೊಟ್ಟಿದ್ದು ಬುಲ್‌ಪೆನ್, ಅಂದರೆ ಪಂದ್ಯದ ನಡುವೆ ಇಳಿಯುವ ಪಿಚರ್‌ಗಳು.

ಪ್ರಶ್ನೆ: ಹಾಗಾದ್ರೆ 2019ರಲ್ಲಿ ವರ್ಲ್ಡ್ ಸೀರೀಸ್ (ಫೈನಲ್ ಸರಣಿ) ಹೇಗೆ ಗೆದ್ದರು ಸರ್? ಆಗಲೂ ಬುಲ್‌ಪೆನ್ ಕಳಪೆಯೇ.

ಉತ್ತರ: ಕಳಪೆ ಅಂದರೆ ಇಡೀ ನ್ಯಾಷನಲ್ ಲೀಗ್‌ನಲ್ಲೇ ಕೊನೆ. ಆಫೀಸು ದುಡ್ಡು ಸುರಿದಿದ್ದು ಪಂದ್ಯ ಶುರು ಮಾಡುವ ಪಿಚರ್‌ಗಳ ಮೇಲೆ: ಮ್ಯಾಕ್ಸ್ ಶೆರ್ಜರ್‌ಗೆ 21 ಕೋಟಿ ಡಾಲರ್, ಪ್ಯಾಟ್ರಿಕ್ ಕಾರ್ಬಿನ್‌ಗೆ 14 ಕೋಟಿ. ಹಾಗಾಗಿ ಅಕ್ಟೋಬರ್‌ನಲ್ಲಿ ಅವರನ್ನೇ ನಡುವೆಯೂ ಇಳಿಸಬೇಕಾಯ್ತು. ಆ ಫೈನಲ್ ಸರಣಿಯ ಏಳನೇ ಪಂದ್ಯದಲ್ಲಿ ಕಾರ್ಬಿನ್ ಮಧ್ಯದಲ್ಲಿ ಬಂದು 3 ಇನ್ನಿಂಗ್ಸ್ ಒಂದೂ ರನ್ ಬಿಡಲಿಲ್ಲ. ಅದರ ಹಿಂದಿನ ದಿನ ಸ್ಟ್ರಾಸ್‌ಬರ್ಗ್ ಒಂಬತ್ತನೇ ಇನ್ನಿಂಗ್ಸ್‌ವರೆಗೆ ಒಬ್ಬನೇ ಎಸೆದ. ಆ ಕೈ ನೋಡಿ ನನಗೆ ಕಣ್ಣು ತುಂಬಿತ್ತು.

ಡಿಸೆಂಬರ್‌ನಲ್ಲೇ ಅವನಿಗೆ 7 ವರ್ಷಕ್ಕೆ 24.5 ಕೋಟಿ ಡಾಲರ್ ಕೊಟ್ಟರು. ಆಮೇಲೆ ಅವನು ಆಡಿದ್ದು ಬರೀ 8 ಪಂದ್ಯ, 2024ರಲ್ಲಿ ನಿವೃತ್ತಿ. ಇದನ್ನು 2012ರ ಜೊತೆ ತಳಕು ಹಾಕೋರು ತುಂಬ ಜನ. ಆದರೆ ಈ ಸಲ ಅವನನ್ನು ಮುಖ್ಯವಾಗಿ ಕಾಡಿದ್ದು ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವೆ ನರ ಒತ್ತಿಹೋಗುವ ಕಾಯಿಲೆ. ಮೊಣಕೈಗೂ ಅದಕ್ಕೂ ಸಂಬಂಧ ಕಟ್ಟಲು ನನಗೆ ಆಧಾರ ಕಾಣುತ್ತಿಲ್ಲ.