ಅಪ್‌ಡೇಟ್: ಕಿಡ್ನಿ ಕಸಿಗೆ ಕಾಯುತ್ತಿರುವ ಅಪ್ಪನಿಗೆ ಹೆಲ್ತ್ ಕೋಚ್
ಮಂಡ್ಯದಲ್ಲಿರುವ ಅಪ್ಪ ಜೀವಸಾರ್ಥಕತೆ (ರಾಜ್ಯದ ಅಂಗಾಂಗ ದಾನ ಸಂಸ್ಥೆ) ಪಟ್ಟಿಯಲ್ಲಿ ಕಿಡ್ನಿಗೆ ಕಾಯುತ್ತಿದ್ದಾರೆ, ಹೆಲ್ತ್ ಕೋಚ್‌ನಿಂದ ಉಪಯೋಗ ಇದೆಯಾ ಅಂತ ಕೇಳಿದ್ದೆ. ಖಂಡಿತ ಇದೆ.

ಕೋಚ್ ಮೊದಲು ವಿಚಾರಿಸಿದ್ದು ಅಡುಗೆಮನೆಯನ್ನೇ. ಡಯಾಲಿಸಿಸ್ ಡಾಕ್ಟರ್ ಬೇಡ ಎಂದಿದ್ದ ಎಳನೀರು ಈಗ ಪೂರ್ತಿ ನಿಂತಿದೆ. ಎಳನೀರು ಮಾರುಕಟ್ಟೆಗೆ ಹೆಸರಾದ ಮದ್ದೂರು ಪಕ್ಕದಲ್ಲೇ ಇರುವಾಗ ಇದು ಸುಲಭ ಅಲ್ಲ! ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಪೊಟ್ಯಾಸಿಯಂ ಕಡಿಮೆಯಾಗಲಿ ಅಂತ ತರಕಾರಿಯನ್ನೂ ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ, ಬಸಿದ ನೀರು ಚೆಲ್ಲುತ್ತೇವೆ. ಹಾಗಾಗಿ ಅಪ್ಪನಿಗೆ ಬಸ್ಸಾರು ಇಲ್ಲ, ಪಲ್ಯ ಮಾತ್ರ. ಅಮ್ಮನಿಗೆ ಅದೇ ಬೇಜಾರು.

ಸಂಜೆ ನಡಿಗೆ ಶುರುವಾಗಿದೆ. ಆಪರೇಷನ್ ತಡೆಯಲು ಮೈಯಲ್ಲಿ ಶಕ್ತಿ ಬೇಕಲ್ವಾ? ರಾತ್ರಿಯೂ ಫೋನ್ ಆನ್, ರಿಪೋರ್ಟ್ ಫೈಲ್ ಬ್ಯಾಗಿನಲ್ಲಿ. ಕರೆ ಬಂದರೆ ತಕ್ಷಣ ಹೊರಡಬೇಕು.

ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.