ಅಪ್ಪನ ಅಕೌಂಟಿಂದ ದುಡ್ಡು ಹೋಗಿದೆ, ಬ್ಯಾಂಕ್‌ನೋರು "ಒಟಿಪಿ ಬಿದ್ದಿದೆ, ನಿಮ್ದೇ ತಪ್ಪು" ಅಂತಿದಾರೆ

ಗಾಬರಿ_ಮಗ
ಶುಕ್ರವಾರ ರಾತ್ರಿ ಅಪ್ಪನ ವಾಟ್ಸಾಪಿಗೆ ಮದುವೆ ಕರೆಯೋಲೆ ಅಂತ ಒಂದು ಎಪಿಕೆ ಫೈಲ್ (ಒತ್ತಿದ್ರೆ ಫೋನಿಗೆ ಆಪ್ ಹಾಕೋ ಫೈಲು) ಬಂದಿದೆ, ಬಂದಿದ್ದು ಅವ್ರ ಸ್ನೇಹಿತ್ರ ನಂಬರಿಂದಾನೇ (ಅವ್ರ ವಾಟ್ಸಾಪೂ ಹ್ಯಾಕ್ ಆಗಿತ್ತಂತೆ, ಆಮೇಲೆ ಗೊತ್ತಾಯ್ತು). ಒತ್ತಿದ್ರೆ ಕರೆಯೋಲೆ ಏನೂ ತೆರೀಲಿಲ್ಲ, ಏನೇನೋ ಪರ್ಮಿಷನ್ ಕೇಳ್ತು, ಎಲ್ಲಾದಕ್ಕೂ ಅಲೋ ಕೊಟ್ಟು ಮಲ್ಕೊಂಡಿದಾರೆ. ರಾತ್ರಿ ಎರಡು ಗಂಟೆ ಸುಮಾರಿಗೆ ಮೂರು ಸಲ ಸೇರಿ 1,84,000 ರೂಪಾಯಿ ಹೋಗಿದೆ. ಅಪ್ಪನ ಫೋನಲ್ಲಿ ಒಂದು ಮೆಸೇಜೂ ಇಲ್ಲ, ಅಕೌಂಟಿಗೆ ನನ್ನ ಇಮೇಲ್ ಕೊಟ್ಟಿದ್ರಿಂದ ಬೆಳಿಗ್ಗೆ ನನಗೆ ಗೊತ್ತಾಯ್ತು. ಕೂಡ್ಲೇ ಕಸ್ಟಮರ್ ಕೇರಿಗೆ ಫೋನ್ ಮಾಡಿ ಅಕೌಂಟ್ ಬ್ಲಾಕ್ ಮಾಡಿಸ್ದೆ. ಸೆಕೆಂಡ್ ಸ್ಯಾಟರ್ಡೆ ಬೇರೆ, ಬ್ರಾಂಚ್ ರಜಾ. ಇವತ್ತು ಸೋಮವಾರ ಹೋದ್ರೆ ಮ್ಯಾನೇಜರ್ "ಒಟಿಪಿ ಸರಿಯಾಗಿ ಬಿದ್ದಿದೆ, ಅಂದ್ಮೇಲೆ ನಾವೇನೂ ಮಾಡಕ್ಕಾಗಲ್ಲ" ಅಂತ ಬಾಯಲ್ಲೇ ಹೇಳಿ ಕಳಿಸಿದ್ರು. ಅಪ್ಪ ಯಾರ ಹತ್ರಾನೂ ಒಟಿಪಿ ಹೇಳಿಲ್ಲ. ಎರಡು ದಿನದಿಂದ ನೆಟ್ಟಗೆ ಮಾತೂ ಆಡ್ತಿಲ್ಲ ಅವ್ರು. ಎಲ್ಲಿಗೆ ಹೋಗ್ಲಿ, ಫೋನ್ ರೀಸೆಟ್ ಮಾಡ್ಬಿಡ್ಲಾ?

ಹಳೇ_ಕ್ಯಾಷಿಯರ್
ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರಾ ಇಲ್ವಾ? ಅದನ್ನ ಬರೆದೇ ಇಲ್ಲ ನೀವು. ಮಾಡಿಲ್ಲ ಅಂದ್ರೆ ಇದನ್ನ ಓದೋದು ಬಿಟ್ಟು ಮೊದ್ಲು ಮಾಡಿ, ಲೈನ್ ಸಿಗದಿದ್ರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ನೀವೇ ದೂರು ಹಾಕಿ. ಮೂರೂ ಟ್ರಾನ್ಸಾಕ್ಷನ್‌ದು ಯುಟಿಆರ್ ನಂಬರ್ (ಪ್ರತಿ ಟ್ರಾನ್ಸಾಕ್ಷನ್ನಿಗೂ ಇರೋ ಗುರುತಿನ ನಂಬರ್), ಟೈಮು, ಮೊತ್ತ ಎದುರಿಗೆ ಇಟ್ಕೊಂಡಿರಿ. ಕಳ್ರು ದುಡ್ಡನ್ನ ಒಂದೇ ಅಕೌಂಟಲ್ಲಿ ಇಟ್ಕೊಂಡು ಕೂರಲ್ಲ, ಬಾಡಿಗೆ ಅಕೌಂಟುಗಳಿಗೆ ಹಂಚ್ತಾ ಹೋಗಿ ಕೊನೆಗೆ ಎಟಿಎಮ್ಮಲ್ಲಿ ಎತ್ತಿಬಿಡ್ತಾರೆ. 1930ರಲ್ಲಿ ದೂರು ಬಿದ್ರೆ ಆ ಬ್ಯಾಂಕುಗಳಿಗೆಲ್ಲ ಮಾಹಿತಿ ಹೋಗಿ ಅಷ್ಟೊತ್ತಿಗೆ ಎಲ್ಲೆಲ್ಲಿ ಎಷ್ಟೆಷ್ಟು ಉಳಿದಿದೆಯೋ ಅದಕ್ಕೆ ತಡೆ ಬೀಳತ್ತೆ. ಎರಡು ದಿನ ಆಗೋಗಿದೆ ನಿಜ, ಆದ್ರೂ ಮಾಡಿ.

ಇನ್ನು ಬ್ಯಾಂಕಿನ ವಿಷ್ಯ. ನಾನೂ ಕೌಂಟರಿನ ಆ ಕಡೆ ಕೂತಿದ್ದವ್ನು, ಬಾಯಲ್ಲಿ ಹೇಳಿ ಕಳಿಸೋದು ಯಾಕೆ ಅಂತ ಗೊತ್ತು, ಬರವಣಿಗೇಲಿ ತಗೊಂಡ್ರೆ ಉತ್ತರಾನೂ ಬರವಣಿಗೇಲಿ ಕೊಡ್ಬೇಕಲ್ಲ. ಆರ್‌ಬಿಐ 2017ರ ಜುಲೈ 6ನೇ ತಾರೀಕು ಹೊರಡಿಸಿದ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿಂದೂ ಅಲ್ಲ ಗ್ರಾಹಕಂದೂ ಅಲ್ಲ, ಮೂರನೆಯವ್ರು ನುಗ್ಗಿದ್ದು ಅಂದಾಗ, ಬ್ಯಾಂಕಿಂದ ಸೂಚನೆ ಬಂದ ದಿನ ಬಿಟ್ಟು ಮೂರು ವರ್ಕಿಂಗ್ ಡೇ ಒಳಗೆ ತಿಳಿಸಿದ್ರೆ ಗ್ರಾಹಕಂಗೆ ನಷ್ಟ ಇಲ್ಲ. ನಾಲ್ಕರಿಂದ ಏಳು ದಿನ ಆದ್ರೆ ಒಂದು ಮಿತಿವರೆಗೆ ನಮ್ಮ ತಲೆಗೆ ಬರತ್ತೆ. ನೀವು ಶನಿವಾರಾನೇ ಹೇಳಿದ್ದೀರ, ಆ ಕಾಲ್‌ದು ಕಂಪ್ಲೇಂಟ್ ನಂಬರ್ ಎಸ್‌ಎಂಎಸ್ಸಲ್ಲೋ ಇಮೇಲಲ್ಲೋ ಬಂದಿರ್ಬೇಕು ಹುಡುಕಿ. ತಿಳಿಸಿದ 10 ವರ್ಕಿಂಗ್ ಡೇ ಒಳಗೆ ಆ ಮೊತ್ತ ತಾತ್ಕಾಲಿಕವಾಗಿ ಅಕೌಂಟಿಗೆ ಜಮಾ ತೋರಿಸ್ಬೇಕು, 90 ದಿನದೊಳಗೆ ತೀರ್ಮಾನ ಆಗ್ಬೇಕು ಅಂತಾನೂ ಅದರಲ್ಲಿದೆ. ಮುಖ್ಯ ಏನಂದ್ರೆ ತಪ್ಪು ಗ್ರಾಹಕಂದು ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿಂದು. ಒಟಿಪಿ ಬಿತ್ತು ಅನ್ನೋದು ಬೇರೆ, ನಿಮ್ಮಪ್ಪ ಒಟಿಪಿ ಕೊಟ್ರು ಅನ್ನೋದು ಬೇರೆ. ಅದನ್ನೇ ಹಿಡ್ಕೊಂಡು ನಾಳೆ ಬೆಳಿಗ್ಗೆ ಎರಡು ಪ್ರತಿ ಬರೆದು ಕೊಟ್ಟು ಒಂದಕ್ಕೆ ಸೀಲ್ ಹಾಕಿಸ್ಕೊಂಡು ಬನ್ನಿ, ಹಾಕಲ್ಲ ಅಂದ್ರೆ ಜಗಳ ಬೇಡ, ಅಲ್ಲೇ ನಿಂತು ಇಮೇಲ್ ಮಾಡಿ. ಎಪಿಕೆ ಹಾಕ್ಕೊಂಡಿದ್ದೇ ನಿರ್ಲಕ್ಷ್ಯ ಅಂತ ಅವ್ರು ವಾದ ಮಾಡ್ಬಹುದು, ಹಾಗಾಗಿ ಗೆದ್ದೇ ಗೆಲ್ತೀರ ಅಂತ ನಾನು ಹೇಳಲ್ಲ.

ನಟ್ಟುಬೋಲ್ಟು
ಫೋನ್ ಮೊದ್ಲು ಫ್ಯಾಕ್ಟರಿ ರೀಸೆಟ್ ಹೊಡೀರಿ ಗುರು, ಆ ಆಪ್ ಇರೋವರೆಗೂ ಬರೋ ಮೆಸೇಜೆಲ್ಲ ಅವ್ರಿಗೇ ಹೋಗ್ತಿರತ್ತೆ

ಮಳೆಹುಳ
ರೀಸೆಟ್ ಈಗ್ಲೇ ಬೇಡ್ವೇ ಬೇಡ. ಅಪ್ಪ ಒಟಿಪಿ ಹೇಳಿಲ್ಲ ಅನ್ನೋದಕ್ಕೆ ಇರೋ ಸಾಕ್ಷಿ ಅದೊಂದೇ ಫೋನು, ಅದನ್ನೇ ತೊಳೆದ್ರೆ ಪೊಲೀಸ್ರಿಗೆ ಏನ್ ತೋರಿಸ್ತೀರ. ಸಿಮ್ ತೆಗೆದು ಒಂದು ಹಳೇ ಕೀಪ್ಯಾಡ್ ಫೋನಿಗೆ ಹಾಕಿ, ಮೆಸೇಜ್ ಕದಿಯೋ ಆಪ್‌ಗೆ ಆಮೇಲೆ ಕದಿಯೋಕೆ ಏನೂ ಸಿಗಲ್ಲ. ಸೋಂಕಿನ ಫೋನಲ್ಲಿ ವೈಫೈ ಆಫ್ ಮಾಡಿ, ಏರೋಪ್ಲೇನ್ ಮೋಡಲ್ಲಿಟ್ಟು ವಾಟ್ಸಾಪ್ ಚಾಟ್, ಫೈಲ್ ಹೆಸರು, ಸೆಟ್ಟಿಂಗ್ಸಲ್ಲಿ ಆ ಆಪ್‌ಗೆ ಕೊಟ್ಟಿರೋ ಪರ್ಮಿಷನ್ ಎಲ್ಲದರ ಫೋಟೋ ಇನ್ನೊಂದು ಫೋನಿಂದ ತೆಗೀರಿ. ಐಕಾನ್ ಕಾಣಲ್ಲ ಎಷ್ಟೋ ಸಲ, ಆಪ್ ಲಿಸ್ಟಲ್ಲಿ ಹುಡುಕ್ಬೇಕು. ಪಾಸ್‌ವರ್ಡ್, ಯುಪಿಐ ಪಿನ್ ಬದಲಾಯಿಸೋದು ಬೇರೆ ಫೋನಿಂದ. ಸಿಮ್ಮಲ್ಲಿ ##002# ಡಯಲ್ ಮಾಡಿ, ಕಾಲ್ ಫಾರ್ವರ್ಡ್ ಏನಾದ್ರೂ ಇಟ್ಟಿದ್ರೆ ಹೋಗತ್ತೆ. ರೀಸೆಟ್ ಎಲ್ಲ ದೂರು ಕೊಟ್ಟಾದ್ಮೇಲೆ, ಪೊಲೀಸ್ರು ಫೋನ್ ನಮಗೆ ಬೇಡ ಅಂದ್ರೆ ಮಾತ್ರ.

ನಟ್ಟುಬೋಲ್ಟು
ಹೌದು ಇದು ಸರಿ, ನಾನು ಹೇಳಿದ್ದು ಬಿಡಿ

ಅನುಭವಿಸ್ದವ್ಳು
ನಂಗೂ ಆಗಿತ್ತು, ನಂದು ಸ್ಕ್ರೀನ್ ಶೇರಿಂಗ್ ಕೇಸು. ಬ್ಯಾಂಕು ಮೊದ್ಲನೇ ದೂರನ್ನ ಒಂದೇ ಲೈನಲ್ಲಿ ಮುಗಿಸಿಬಿಡ್ತು. ಅವ್ರ ಉತ್ತರ ಸರಿ ಅನಿಸದಿದ್ರೆ, ಇಲ್ಲಾ 30 ದಿನ ಆದ್ರೂ ಉತ್ತರ ಬರದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಹೋಗ್ಬಹುದು, ಆನ್‌ಲೈನಲ್ಲೇ, ವಕೀಲರು ಬೇಕಿಲ್ಲ. ನನಗೆ ಬಂದಿದ್ದು ತಡೆ ಬಿದ್ದಿದ್ದಷ್ಟೇ, ಅದೂ ಕೋರ್ಟ್ ಆದೇಶ ಆದ್ಮೇಲೆ. ದುಡ್ಡು ಹೋಲ್ಡ್ ಆಯ್ತು ಅಂದ್ರೆ ನಾಳೆನೇ ಅಕೌಂಟಿಗೆ ಬರತ್ತೆ ಅಂದ್ಕೋಬೇಡಿ, ಸ್ಟೇಷನ್ನಿಗೆ ಓಡಾಡ್ಲೇಬೇಕು.

ಇನ್ನೊಂದು, ಇನ್‌ಬಾಕ್ಸಿಗೆ "ನಾನು ಎಥಿಕಲ್ ಹ್ಯಾಕರ್, ದುಡ್ಡು ವಾಪಸ್ ತರ್ತೀನಿ, ಮೊದ್ಲು ಫೀಸು ಕಟ್ಟಿ" ಅಂತ ಬರ್ತಾರೆ. ಅವ್ರೂ ಅದೇ ಕಳ್ರು. ನಾನು ಅದಕ್ಕೂ ಒಂದು 4,000 ಕಳ್ಕೊಂಡೆ, ನಗ್ಬೇಡಿ. ಅಪ್ಪನ್ನ ಮಾತ್ರ ಬೈಬೇಡಿ ಪ್ಲೀಸ್, ನಮ್ಮ ಮನೇಲಿ ನಂಗೆ ದುಡ್ಡಿಗಿಂತ ಆ ಬೈಗುಳಾನೇ ಜಾಸ್ತಿ ದಿನ ಉಳೀತು.

ಗಾಬರಿ_ಮಗ
ಎಲ್ರಿಗೂ ಥ್ಯಾಂಕ್ಸ್. 1930 ಗೊತ್ತೇ ಇರ್ಲಿಲ್ಲ ನಂಗೆ, ನಿನ್ನೆ ರಾತ್ರಿ ಆರನೇ ಸಲಕ್ಕೆ ಸಿಕ್ತು. 61,000 ಒಂದು ಅಕೌಂಟಲ್ಲಿ ತಡೆ ಬಿದ್ದಿದೆಯಂತೆ, ಮಿಕ್ಕಿದ್ದು ಶನಿವಾರಾನೇ ಎತ್ತಿಬಿಟ್ಟಿದಾರೆ. ಇವತ್ತು ಬ್ರಾಂಚಲ್ಲಿ ಸುತ್ತೋಲೆ ತಾರೀಕು ಬರೆದಿದ್ದು ನೋಡಿ ಮ್ಯಾನೇಜರ್ ಒಂದ್ಸಲ ಮುಖ ನೋಡಿ ಸೀಲ್ ಒತ್ತಿದ್ರು. ಶನಿವಾರದ ಕಂಪ್ಲೇಂಟ್ ನಂಬರೂ ಇಮೇಲಲ್ಲಿ ಸಿಕ್ತು. ಅಪ್ಪ ಈಗ ಕೀಪ್ಯಾಡ್ ಫೋನಲ್ಲೇ ಇದಾರೆ, ಇದೇ ಸಾಕು ನಂಗೆ ಅಂತಿದಾರೆ. 10 ದಿನ ಆದ್ಮೇಲೆ ಏನಾಯ್ತು ಅಂತ ಬಂದು ಹೇಳ್ತೀನಿ.