ಸಹಾಯ ಬೇಕು: ಡ್ಯೂಯಿಯ ಸೌಂದರ್ಯಮೀಮಾಂಸೆಯಲ್ಲಿ ಛಿದ್ರ ಕೃತಿಗಳ ಸ್ಥಾನ

ವ್ಯವಹಾರವಾದಿ (ಪ್ರಾಗ್ಮಾಟಿಸ್ಟ್) ಸೌಂದರ್ಯಮೀಮಾಂಸೆಯನ್ನು, ಅಂದರೆ ವಿಚಾರಗಳನ್ನು ಬದುಕಿನಲ್ಲಿ ಅವು ತರುವ ಪರಿಣಾಮದಿಂದ ಅಳೆಯುವ ಪಂಥದ ಕಲಾಚಿಂತನೆಯನ್ನು, ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದು, ಒಂದು ತೊಡಕಿನ ವಿಷಯದಲ್ಲಿ ಬಲ್ಲವರ ನೆರವನ್ನು ಕೋರುತ್ತಿದ್ದೇನೆ.

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1931ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ ಉಪನ್ಯಾಸಗಳಿಂದ ರೂಪುಗೊಂಡು 1934ರಲ್ಲಿ ಪ್ರಕಟವಾದ ‘ಆರ್ಟ್ ಆ್ಯಸ್ ಎಕ್ಸ್‌ಪೀರಿಯನ್ಸ್’ ಕೃತಿಯು, ಕಲೆಯನ್ನು ವಸ್ತುಸಂಗ್ರಹಾಲಯದ ಪೀಠದಿಂದ ಇಳಿಸಿ ದಿನನಿತ್ಯದ ಬದುಕಿನೊಂದಿಗೆ ಮತ್ತೆ ಜೋಡಿಸಲು ಯತ್ನಿಸುತ್ತದೆ. ಉರಿಯುವ ಕಟ್ಟಿಗೆಯನ್ನು ಕೆದಕುತ್ತ ಕುಳಿತ ವ್ಯಕ್ತಿಯ ತನ್ಮಯತೆಯಲ್ಲೂ ಕಲೆಯ ಬೀಜವಿದೆ ಎಂಬ ಅವರ ಮಾತು ನನಗೆ ಒಪ್ಪಿಗೆಯೇ. ಆದರೆ ಬಿಡಿಬಿಡಿಯಾಗಿ ಹರಿದುಹೋಗುವ ಅನುಭವಕ್ಕಿಂತ, ಒಳಗಿನ ಒತ್ತಡಗಳನ್ನೆಲ್ಲ ದಾಟಿ ಪರಿಪೂರ್ಣತೆಯನ್ನು ತಲುಪುವ ಅಖಂಡ ಅನುಭವವೇ ಸೌಂದರ್ಯಾನುಭವ ಎಂದು ಅವರು ಹೇಳುವಾಗ, ಬೇಕೆಂದೇ ಛಿದ್ರವಾಗಿ ಉಳಿಯುವ, ನೋಡುಗನನ್ನು ತೃಪ್ತಿಗೊಳಿಸದೆ ಕೆಣಕಿ ಕಳುಹಿಸುವ ಕೃತಿಗಳನ್ನು, ಉದಾಹರಣೆಗೆ ಹರಿದ ಕಾಗದದ ಚೂರುಗಳನ್ನು ಅಂಟಿಸಿದ ದಾದಾ (ಮೊದಲ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ, ಕಲೆಯ ರೂಢಿಗಳನ್ನು ಧಿಕ್ಕರಿಸಿದ ಚಳವಳಿ) ಚಿತ್ರಗಳನ್ನು, ಎಲ್ಲಿ ಇಡುವುದು? ಆ ಕೆಣಕುವಿಕೆಯೂ ಒಂದು ಬಗೆಯ ಪೂರ್ಣತೆಯೇ ಎಂದರೆ, ಪೂರ್ಣತೆ ಎಂಬ ಮಾನದಂಡವೇ ಪೊಳ್ಳಾಗುವುದೆಂದು ನನ್ನ ಅನಿಸಿಕೆ.

ಇದೇ ಪಂಥದ ಇತ್ತೀಚಿನ ತತ್ತ್ವಜ್ಞಾನಿ ರಿಚರ್ಡ್ ಶುಸ್ಟರ್‌ಮನ್ 1992ರ ‘ಪ್ರಾಗ್ಮಾಟಿಸ್ಟ್ ಈಸ್ಥೆಟಿಕ್ಸ್’ನಲ್ಲಿ ರ‍್ಯಾಪ್ ಸಂಗೀತದ ಪರವಾಗಿ ವಾದಿಸುತ್ತ, ಇದ್ದ ಧ್ವನಿಮುದ್ರಣಗಳನ್ನು ಕತ್ತರಿಸಿ ಮರುಜೋಡಿಸುವ ಅದರ ಕ್ರಮವನ್ನು ಚರ್ಚಿಸುತ್ತಾರೆ. ನನ್ನ ಪ್ರಶ್ನೆಗೆ ಇದು ಹತ್ತಿರವಾದರೂ ಪೂರ್ಣ ಉತ್ತರವೆನಿಸಲಿಲ್ಲ.

ಡ್ಯೂಯಿಯ ಚೌಕಟ್ಟಿನೊಳಗೇ ಇಂಥ ಛಿದ್ರ ಕೃತಿಗಳಿಗೆ ಸಮರ್ಥನೆ ಸಾಧ್ಯವೇ, ಅಥವಾ ಏಕತೆಯ ಆಗ್ರಹವನ್ನು ಕೈಬಿಡಲೇಬೇಕೇ? ಯಾವ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕೆಂದು ಸೂಚಿಸಿದರೂ ಉಪಕಾರವಾಗುತ್ತದೆ.